ಮೈಕಕ್ಕನ ಮನೆಗೆ ಗಾಳಿ ಬಂದದ್ದು

ದೊಡ್ಡ ಬಸ್ ನಿಲ್ದಾಣದಲ್ಲಿ ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ಹೊರಟಿತು, ಯಾವುದು ಇನ್ನೂ ದಾರಿಯಲ್ಲೇ ಕೆಟ್ಟು ಕೂತಿದೆ ಎಂದು ಮೈಕಿನಲ್ಲಿ ಹೇಳುವವಳು ಮೈಕಕ್ಕ. ಡ್ರೈವರು, ಕಂಡಕ್ಟರು, ಕಸ ಗುಡಿಸುವವರು, ಕಡಲೆ ಮಾರುವವರು ಎಲ್ಲರಿಗೂ ಅವಳು ಮೈಕಕ್ಕನೇ. ಗಾಜಿನ ಗೂಡಿನೊಳಗೆ ಕೂತವಳ ಮುಖ ಕಂಡವರು ಕಡಿಮೆ, ದನಿ ಕೇಳದವರು ಇಲ್ಲ. ಬಸ್ಸು ತುಂಬಾ ತಡವಾಗಿ ಬರುತ್ತದೆ ಎಂಬ ಕೆಟ್ಟ ಸುದ್ದಿಯನ್ನೂ ಅವಳು ಹೇಳಿದರೆ ಜನ ಗೊಣಗದೆ ಇನ್ನೊಂದು ಕಾಫಿ ಕುಡಿಯಲು ಎದ್ದು ಹೋಗುತ್ತಿದ್ದರು. ಅದು ಅವಳ ಹೆಮ್ಮೆ. ಹೆಮ್ಮೆ ಪಡುವಂಥದ್ದು ತನ್ನಲ್ಲಿ ಬೇರೇನಿದೆ ಎಂದು ಅವಳು ಹುಡುಕಲೂ ಹೋಗಿರಲಿಲ್ಲ.

ಚಳಿಗಾಲ ಶುರುವಾದ ಮೇಲೆ ಆ ದನಿ ಕೈಕೊಡತೊಡಗಿತು. ಮೊದಮೊದಲು ಬೆಳಿಗ್ಗೆ ಮಾತ್ರ ಗಂಟಲು ಕಟ್ಟಿದಂತಿದ್ದು ಮಧ್ಯಾಹ್ನದ ಹೊತ್ತಿಗೆ ತಿಳಿಯಾಗುತ್ತಿತ್ತು. ಬರಬರುತ್ತಾ ಸಂಜೆಯಾದರೂ ತಿಳಿಯಾಗಲಿಲ್ಲ. ಒಂದು ದಿನ ‘ಪ್ರಯಾಣಿಕರ ಗಮನಕ್ಕೆ’ ಎಂದು ಶುರು ಮಾಡಿದಾಗ ‘ಗ’ ಅಕ್ಷರ ಗಂಟಲಲ್ಲೇ ಸಿಕ್ಕಿಕೊಂಡು, ಸ್ಪೀಕರಿನಿಂದ ಕಪ್ಪೆ ವಟಗುಟ್ಟಿದಂಥ ಸದ್ದು ಹೊರಟಿತು. ಬೆಂಚುಗಳ ಮೇಲೆ ತೂಕಡಿಸುತ್ತಿದ್ದವರೆಲ್ಲ ತಲೆಯೆತ್ತಿ ನೋಡಿದರು. ಯಾರೋ ಗಟ್ಟಿಯಾಗಿ ನಕ್ಕರು. ಗೂಡಿನೊಳಗೆ ಮೈಕಕ್ಕ ನಾಚಿಕೆಯಿಂದ ಹಿಡಿಯಷ್ಟಾದಳು.

ಸೂಪರ್‌ವೈಸರ್ ಕೆಟ್ಟ ಮನುಷ್ಯನಲ್ಲ. ಕರೆದು ಕೂರಿಸಿ ಹೇಳಿದ. “ನೋಡಮ್ಮ, ದೊಡ್ಡವರು ಮೆಷಿನ್ ದನಿ ಹಾಕ್ಬಿಡೋಣ ಅಂತ ಕಾಯ್ತಾ ಕೂತಿದಾರೆ. ನಾನು ಹೇಗೋ ತಡ್ಕೊಂಡು ಬಂದಿದೀನಿ. ತಿಂಗಳ ಕೊನೆವರೆಗೆ ರಜಾ ತಗೋ. ಬಂದು ನನ್ನೆದುರಿಗೆ ಒಂದ್ಸಲ ಮೈಕಲ್ಲಿ ಮಾತಾಡು. ಆಗ್ಲಿಲ್ಲ ಅಂದ್ರೆ ಲಗೇಜ್ ರೂಮಿಗೆ ಹಾಕ್ತೀನಿ. ಸಂಬಳಕ್ಕೇನೂ ತೊಂದರೆ ಇಲ್ಲ.”

ಸಂಬಳಕ್ಕೇನೂ ತೊಂದರೆ ಇಲ್ಲವಂತೆ. ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಮಾತು ಅವಳನ್ನು ಚುಚ್ಚುತ್ತಲೇ ಇತ್ತು. ಊರವರ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತಾ, ತಲೆ ಮೇಲಿನ ಸ್ಪೀಕರಿನಲ್ಲಿ ಯಾವುದೋ ಯಂತ್ರ ತನ್ನ ಮಾತನ್ನು ಆಡುವುದನ್ನು ಕೇಳಿಸಿಕೊಂಡು ಕೂರುವುದೆಂದರೆ ಏನು ಎಂದು ಆ ಮನುಷ್ಯನಿಗೆ ಹೇಗೆ ಗೊತ್ತಾಗಬೇಕು.

ಗಂಟಲಿನ ಡಾಕ್ಟರು ಬಾಯಿ ತೆರೆಸಿ, ಲೈಟು ಬಿಟ್ಟು ನೋಡಿ, ಒಳಗೆಲ್ಲ ಕೆಂಪಗೆ ಊದಿಕೊಂಡಿದೆ ಎಂದರು. ರೋಗಕ್ಕಿಂತ ಇದು ಏನೋ ಕೆರಳಿಸಿದ್ದರಿಂದ ಆದದ್ದು, ಧೂಳೋ ಹೊಗೆಯೋ ತೇವವೋ, ಮನೆಯಲ್ಲಿ ಅಂಥದ್ದೇನಾದರೂ ಇದೆಯಾ ಎಂದೂ ಕೇಳಿದರು. ಅವಳು ಬಾಯಿ ಮುಚ್ಚುವುದರೊಳಗೆ ಪಕ್ಕದಲ್ಲಿ ಕೂತಿದ್ದ ಗಂಡ ಉತ್ತರ ಕೊಟ್ಟಾಗಿತ್ತು.

“ಧೂಳಾ? ನಮ್ಮ ಮನೇಲಿ ಒಂದು ಇರುವೆ ನುಗ್ಗೋಕೂ ಸಂದಿಲ್ಲ ಸರ್. ಎಲ್ಲಾ ನಾನೇ ಕೈಯಾರೆ ಮುಚ್ಚಿದೀನಿ.”

“ಒಳ್ಳೇದು,” ಎಂದರು ಡಾಕ್ಟರು, ಕೇಳಿಸಿಕೊಂಡರೋ ಇಲ್ಲವೋ. “ತಿಂಗಳ ಕೊನೆವರೆಗೆ ಇವರು ಒಂದು ಮಾತೂ ಆಡಬಾರದು. ಪಿಸುಮಾತೂ ಬೇಡ. ಬೇಕಾದ್ರೆ ಸ್ವಲ್ಪ ಹಬೆ ತಗೊಳ್ಳಲಿ.”

‘ಸ್ವಲ್ಪ’ ಎಂಬ ಪದ ಗಂಡನ ಕಿವಿಗೆ ಬೀಳಲಿಲ್ಲ. ‘ಹಬೆ’ ಬಿತ್ತು.

ಈ ಗಂಡನ ವಿಷಯ ಇಲ್ಲೇ ಹೇಳಿಬಿಡಬೇಕು. ಹಣ್ಣು ತರಕಾರಿ ಇಡುವ ಕೋಲ್ಡ್ ಸ್ಟೋರೇಜಿನಲ್ಲಿ ಅವನು ಬಾಗಿಲು ಕಾಯುವವನು. ಕಾಯುವುದೆಂದರೆ ಸ್ಟೂಲು ಹಾಕಿಕೊಂಡು ಕೂರುವುದಲ್ಲ. ಲಾರಿ ಬಂದಾಗ ಬಾಗಿಲು ಎಷ್ಟು ತೆರೆಯಬೇಕು, ಎಷ್ಟು ಬೇಗ ಮುಚ್ಚಬೇಕು, ಅಂಚಿನ ರಬ್ಬರು ಎಲ್ಲಿ ಸವೆದಿದೆ, ಎಲ್ಲ ಅವನ ತಲೆಬೇನೆ. ಹೊರಗಿನ ಗಾಳಿ ಒಂದು ಚೂರು ನುಗ್ಗಿದರೂ ಅವನಿಗೆ ಮೈ ಉರಿಯುತ್ತದೆ. ದಿನಕ್ಕೆ ನೂರು ಸಲ “ಬಾಗಿಲು” ಎಂದು ಅರಚಿ ಅರಚಿ ಅವನ ಹೆಸರು ಬಾಗಿಲಣ್ಣ ಎಂದೇ ಆಗಿಹೋಗಿತ್ತು. ನಿದ್ದೆಯಲ್ಲೂ ಒಮ್ಮೊಮ್ಮೆ “ಬಾಗಿಲು” ಎಂದು ಕನವರಿಸುತ್ತಿದ್ದ. ಮೈಕಕ್ಕ ನಿದ್ದೆಗಣ್ಣಲ್ಲೇ “ಮುಚ್ಚಿದೆ, ಮಲಗಿ” ಎನ್ನುತ್ತಿದ್ದಳು. ಗಂಡಹೆಂಡಿರಿಬ್ಬರೂ ದನಿಯ ಮೇಲೇ ಬದುಕುವವರು ಎಂದು ಅವನೇ ತಮಾಷೆ ಮಾಡುತ್ತಿದ್ದ.

ಈ ಬಾಡಿಗೆ ಮನೆಗೆ ಬಂದ ಹೊಸತರಲ್ಲಿ ಮಗಳು ಪುಟ್ಟಿಗೆ ಒಂದು ನೆಗಡಿ ಆಯಿತು. ಮಕ್ಕಳಿಗೆ ನೆಗಡಿ ಆಗದೆ ಇನ್ಯಾರಿಗೆ ಆಗಬೇಕು? ಬಾಗಿಲಣ್ಣ ಮಾತ್ರ ಅದನ್ನು ತನ್ನ ಕೆಲಸಕ್ಕೆ ಬಂದ ಕೆಟ್ಟ ಹೆಸರೆಂದುಕೊಂಡ. ಕೋಲ್ಡ್ ಸ್ಟೋರೇಜಿನ ಬಾಗಿಲು ಬದಲಿಸಿದಾಗ ಉಳಿದ ರಬ್ಬರು ಪಟ್ಟಿಗಳನ್ನು ಕೇಳಿ ತಂದು, ಕಿಟಕಿಗಳ ಅಂಚಿಗೆ, ಬಾಗಿಲ ಕೆಳಗಿನ ಸಂದಿಗೆ ಬೆರಳಿನಿಂದ ಒತ್ತಿ ಒತ್ತಿ ಅಂಟಿಸಿದ. ಮಲಗುವ ಕೋಣೆಯ ಗವಾಕ್ಷಿಗೆ ಹಲಗೆ ಹೊಡೆದು ಅದರ ಸುತ್ತಲೂ ರಬ್ಬರು ಕೂರಿಸಿದ. ಬಂದ ನೆಂಟರಿಗೆಲ್ಲ ಕಿಟಕಿಯ ಹತ್ತಿರ ಕಡ್ಡಿ ಗೀರಿ ಹಿಡಿದು, “ನೋಡಿ, ಜ್ವಾಲೆ ಅಲ್ಲಾಡುತ್ತಾ? ಅಲ್ಲಾಡಲ್ಲ,” ಎಂದು ತೋರಿಸುತ್ತಿದ್ದ. ನೆಂಟರೂ ಪಾಪ, ಹೌದೌದು ಎನ್ನುತ್ತಿದ್ದರು.

ಆ ಮೇಲೆ ಮನೆಯಲ್ಲಿ ಒಂದೊಂದೇ ಶುರುವಾಯಿತು. ಬೀರುವಿನಲ್ಲಿಟ್ಟ ಬಟ್ಟೆ ಮುಗ್ಗಲು ಹಿಡಿಯಿತು. ಮೂಲೆಯ ಚಪ್ಪಲಿಗೆ ಹಸಿರು ತುಪ್ಪಳ ಬಂತು. ಉಪ್ಪು ಡಬ್ಬಿಯಲ್ಲೇ ನೀರಾಯಿತು. ಬೆಂಕಿಪೊಟ್ಟಣವೂ ತೇವ ಕುಡಿದು, ಗಾಳಿ ಇಲ್ಲ ಎಂದು ನೆಂಟರಿಗೆ ತೋರಿಸೋಣವೆಂದರೆ ಕಡ್ಡಿಯೇ ಹತ್ತದಾಯಿತು. ಈಗಿನ ಕಾಲದ ಕಡ್ಡಿಗಳೇ ಹೀಗೆ ಎಂದು ಬಾಗಿಲಣ್ಣ ಬೈದುಕೊಂಡ. ಬೀರುವಿನ ಪಕ್ಕದ ಗೋಡೆಯಲ್ಲಿ ಕಪ್ಪು ಚುಕ್ಕೆಗಳು ಕಾಣಿಸಿಕೊಂಡಾಗ ಮಾತ್ರ ಸೀದಾ ಮಹಡಿ ಹತ್ತಿ ಮನೆಯ ಒಡತಿಯ ಮೇಲೆ ಹರಿಹಾಯ್ದ. ಮೇಲೆ ಇರುವುದರಿಂದ ಅವರು ಮೇಲಿನಮ್ಮ. ಅಂಚೆ ಕಚೇರಿಯಲ್ಲಿದ್ದು ನಿವೃತ್ತರಾದವರು, ಒಂದು ಮುದಿ ಬೆಕ್ಕಿನ ಜೊತೆ ಇದ್ದರು.

“ನಿಮ್ಮ ಬಚ್ಚಲು ಸೋರ್ತಾ ಇದೆ. ಅಗೆಸಿ ನೋಡಿ,” ಎಂದ ಬಾಗಿಲಣ್ಣ.

“ನನ್ನ ಬಚ್ಚಲು ಸೋರಲ್ಲ ಕಣಪ್ಪ. ನೀವು ಬರೋ ತನಕ ಆ ಗೋಡೆ ನೆಟ್ಟಗಿತ್ತು.”

ಅವನ ಕಾಟ ತಡೆಯಲಾರದೆ ಕೊನೆಗೆ ಅವರು ಪ್ಲಂಬರನ್ನು ಕರೆಸಿ ಬಚ್ಚಲ ನೆಲ ಅಗೆಸಿದರು. ಪೈಪಿನ ಸುತ್ತ ಮಣ್ಣು ಬೂದಿಯಷ್ಟು ಒಣಗಿತ್ತು. ಅಂದಿನಿಂದ ಬಾಗಿಲಣ್ಣನಿಗೂ ಮೇಲಿನಮ್ಮನಿಗೂ ಮುಖ ಕೊಟ್ಟು ಮಾತಿಲ್ಲ. ಅವನು ಗೋಡೆಗೆ ಒಂದು ಕೈ ಬಣ್ಣ ಬಳಿದು, ಬೀರುವನ್ನು ಎಳೆದು ಆ ಜಾಗಕ್ಕೆ ಅಡ್ಡ ನಿಲ್ಲಿಸಿದ. ಕಣ್ಣಿಗೆ ಕಾಣದ್ದು ಇಲ್ಲವೆಂದು ಕೆಳಮನೆಯ ಮೂವರೂ ಅಂದುಕೊಂಡರು.

ಈಗ ಮೈಕಕ್ಕನ ಬಾಯಿಗೆ ಬೀಗ ಬಿತ್ತು. ಬಾಗಿಲಣ್ಣ ಅವಳ ಸೇವೆಗೆ ಸೊಂಟ ಕಟ್ಟಿ ನಿಂತ. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ದೊಡ್ಡ ಪಾತ್ರೆಯಲ್ಲಿ ನೀರು ಮರಳಿಸಿ, ಅವಳ ತಲೆಗೆ ಕಂಬಳಿ ಹೊದಿಸಿ ಹಬೆ. ಬಂದ ಕೂಡಲೇ ಮತ್ತೆ ಹಬೆ. ಮಲಗುವ ಮುಂಚೆ ಇನ್ನೊಮ್ಮೆ. ಅವಳಿಗೆ ಥಂಡಿ ತಾಗದಿರಲೆಂದು ಒಗೆದ ಬಟ್ಟೆಯನ್ನೂ ಹೊರಗೆ ಹೋಗಿ ಹರವಗೊಡದೆ ಕೋಣೆಯೊಳಗೇ ಹಗ್ಗ ಕಟ್ಟಿಕೊಟ್ಟ. ಕಂಬಳಿಯ ಹೊರಗಿನಿಂದ ಅವಳ ಬೆನ್ನು ಸವರುತ್ತಾ, “ಎಳ್ಕೋ, ಚೆನ್ನಾಗಿ ಒಳಗೆ ಎಳ್ಕೋ,” ಎನ್ನುತ್ತಿದ್ದ. ಮದುವೆಯಾದ ಹೊಸತರಲ್ಲೂ ಅವನು ಅವಳನ್ನು ಇಷ್ಟು ಮುಚ್ಚಟೆಯಿಂದ ನೋಡಿಕೊಂಡಿರಲಿಲ್ಲ. ಕಂಬಳಿಯೊಳಗೆ ಅವಳ ಕಣ್ಣಲ್ಲಿ ಬರುತ್ತಿದ್ದದ್ದು ಹಬೆಯ ನೀರೊಂದೇ ಆಗಿರಲಿಲ್ಲ.

ಅಮ್ಮ ಮಾತಾಡದಿದ್ದರೆ ಪುಟ್ಟಿಗೆ ಹೊತ್ತು ಹೋಗಬೇಕಲ್ಲ. ಅವಳೇ ಒಂದು ದಾರಿ ಕಂಡುಕೊಂಡಳು. ಕೋಣೆಯ ಕಿಟಕಿ ಗಾಜು ಯಾವಾಗಲೂ ಮಂಜು ಕಟ್ಟಿರುತ್ತಿತ್ತು. ಅದರ ಮೇಲೆ ಬೆರಳಿನಿಂದ ‘ಹಸಿವು’ ಎಂದು ಬರೆದಳು. ಮೈಕಕ್ಕ ಪಕ್ಕದಲ್ಲಿ ‘ಕೈ ತೊಳ್ಕೋ’ ಎಂದು ಬರೆದಳು. ಅಲ್ಲಿಂದ ಮುಂದೆ ತಾಯಿ ಮಗಳ ಸಂಸಾರವೆಲ್ಲ ಆ ಗಾಜಿನ ಮೇಲೇ ನಡೆಯಿತು. ‘ಲೆಕ್ಕ ಮಾಡ್ದ್ಯಾ’, ‘ನಾಳೆ’, ‘ಪೆಟ್ಟು ಬೇಕಾ’, ‘ಬೇಡ’. ಬರೆದದ್ದು ಕೆಳಗಿಳಿದು ಅಕ್ಷರಕ್ಕೆಲ್ಲ ಬಾಲ ಬರುತ್ತಿತ್ತು. ಒಂದಷ್ಟು ಹೊತ್ತಿಗೆ ಗಾಜು ಮತ್ತೆ ಮಬ್ಬಾಗಿ ಹೊಸ ಮಾತಿಗೆ ಜಾಗವಾಗುತ್ತಿತ್ತು. ಒಳ್ಳೆಯ ಆಟವಾಯಿತೆಂದು ಮೂವರೂ ನಕ್ಕರು. ಮಧ್ಯಾಹ್ನದ ಬಿಸಿಲಲ್ಲೂ ಆ ಸ್ಲೇಟು ಒಣಗುವುದಿಲ್ಲವಲ್ಲ ಎಂದು ಯಾರಿಗೂ ಹೊಳೆಯಲಿಲ್ಲ.

ಎಲ್ಲರೂ ಹೊರಗೆ ಹೋದಾಗ ಮೈಕಕ್ಕ ಬಚ್ಚಲಿನಲ್ಲಿ ನಿಂತು ಕಳ್ಳಿಯ ಹಾಗೆ ಮೆಲ್ಲಗೆ ‘ಗ’ ಎಂದು ನೋಡುತ್ತಿದ್ದಳು. ಕಪ್ಪೆ ಅಲ್ಲೇ ಕೂತಿತ್ತು. ಇಷ್ಟು ಮೌನ, ಇಷ್ಟು ಹಬೆ, ಇಷ್ಟು ಆರೈಕೆಯ ಮೇಲೂ ಗಂಟಲು ಮೊದಲಿಗಿಂತ ಕೆಟ್ಟಿತ್ತು. ತಿಂಗಳ ಕೊನೆ ಹತ್ತಿರವಾಗುತ್ತಿತ್ತು. ಲಗೇಜ್ ರೂಮಿನ ಅಂಟಿನ ವಾಸನೆ ಅವಳಿಗೆ ಈಗಲೇ ಬಂದಂತಾಗುತ್ತಿತ್ತು.

ಒಂದು ಬೆಳಿಗ್ಗೆ ಮೇಲಿನಮ್ಮ ಮೆಟ್ಟಿಲಿಳಿದು ಬಂದು ಬಾಗಿಲು ತಟ್ಟಿದರು. “ನಿನ್ನ ಗಂಡನ ಹತ್ರ ನನಗೆ ಮಾತಿಲ್ಲ, ನಿನ್ನ ಹತ್ರ ಇದೆ. ಕೆಳಗೆ ಜನ ಇದಾರೋ ಸತ್ತಿದಾರೋ ಒಂದೂ ಗೊತ್ತಾಗಲ್ಲ, ಒಂದು ಸದ್ದಾದ್ರೂ ಹೊರಗೆ ಬರಬೇಡ್ವಾ? ಒಬ್ಬಳೇ ಕೂತ್ಕೊಂಡು ಏನ್ಮಾಡ್ತೀಯ, ಮೇಲೆ ಬಾ. ನೀನು ಮಾತಾಡದೇ ಇರೋದೇ ಒಳ್ಳೇದಾಯ್ತು, ನಾನು ಮಾತಾಡ್ತೀನಿ.”

ಮೈಕಕ್ಕ ಹೋದಳು. ಮೇಲಿನಮ್ಮನ ಮನೆಯ ಕಿಟಕಿಗಳೆಲ್ಲ ಹಾರುಹೊಡೆದಿದ್ದವು. ಬೆಕ್ಕು ಒಂದರಿಂದ ಹೊರಗೆ ಹೋಗಿ ಇನ್ನೊಂದರಿಂದ ಒಳಗೆ ಬರುತ್ತಿತ್ತು. ಮೈಕಕ್ಕ ಮೊದಲು ಸೆರಗೋ ಶಾಲೋ ಸಿಕ್ಕಿದ್ದನ್ನು ಕುತ್ತಿಗೆಗೆ ಸುತ್ತಿಕೊಂಡಳು, ಆಮೇಲೆ ಮರೆತಳು. ಅಂಚೆ ಕಚೇರಿಯ ಹಳೆಯ ಕತೆಗಳು ಮುಗಿಯುವ ಹೊತ್ತಿಗೆ ಸಂಜೆಯಾಗಿತ್ತು. ಬೆಕ್ಕು ತೊಡೆಯ ಮೇಲೆ ಮಲಗಿದ್ದಾಗ ಅವಳು ತನಗೇ ಅರಿವಿಲ್ಲದೆ ಒಂದು ರಾಗ ಗುನುಗಿಬಿಟ್ಟಳು. ಗುನುಗಿದ ಮೇಲೆ ಬೆಕ್ಕಿನ ಬೆನ್ನ ಮೇಲಿದ್ದ ಕೈ ತೆಗೆದು ಗಂಟಲು ಮುಟ್ಟಿಕೊಂಡಳು. ರಾಗ ಎಲ್ಲೂ ಸಿಕ್ಕಿಕೊಂಡಿರಲಿಲ್ಲ.

ಕೆಳಗಿಳಿದು ತನ್ನ ಮನೆಯ ಬಾಗಿಲು ತೆರೆದಾಗ ಅವಳ ಮೂಗಿಗೆ ಯಾರದೋ ಮನೆಯ ವಾಸನೆ ಬಡಿಯಿತು. ಒದ್ದೆ ಗೋಣಿಚೀಲ, ಹಳೆಯ ಅಣಬೆ, ಎಂದೂ ಒಣಗದ ಬಟ್ಟೆ. ಇಷ್ಟು ದಿನ ಒಳಗೇ ಇದ್ದವಳಿಗೆ ಅದು ಗೊತ್ತಾಗಿರಲಿಲ್ಲ. ಪುಟ್ಟಿ ಇದರಲ್ಲೇ ಉಸಿರಾಡುತ್ತಾಳೆ ಎನಿಸಿತು. ಬೀರುವಿಗೆ ಭುಜ ಕೊಟ್ಟು ತಳ್ಳಿದಳು. ಹಿಂದಿನ ಗೋಡೆ ಅವಳ ಎದೆಯೆತ್ತರದವರೆಗೂ ಕಪ್ಪಗಿತ್ತು. ಬಾಗಿಲಣ್ಣ ಬಳಿದ ಬಣ್ಣ ಸಿಪ್ಪೆಯಾಗಿ ಸುಲಿದು ನೇತಾಡುತ್ತಿತ್ತು. ಅವಳು ಗವಾಕ್ಷಿಯ ಹಲಗೆಯನ್ನು ನೋಡಿದಳು, ಕಿಟಕಿಯ ರಬ್ಬರನ್ನು ನೋಡಿದಳು, ಒಲೆಯ ಮೇಲೆ ಹಬೆಗೆಂದು ತೊಳೆದಿಟ್ಟ ದೊಡ್ಡ ಪಾತ್ರೆಯನ್ನು ನೋಡಿದಳು.

ಗೊತ್ತಾದದ್ದು ಸುಲಭ, ಹೇಳುವುದೇ ಕಷ್ಟ. ನೀನು ಪ್ರೀತಿಯಿಂದ ಮಾಡಿದ್ದೇ ನನ್ನ ದನಿ ತಿಂದಿತು ಎಂದು ಯಾವ ಬಾಯಿಂದ ಹೇಳುವುದು? ಬಾಯಿಯೂ ಇರಲಿಲ್ಲವೆನ್ನಿ.

ಬಾಗಿಲಣ್ಣ ಕೆಲಸದಿಂದ ಬಂದವನೇ ಕೈಕಾಲು ತೊಳೆದು ಪಾತ್ರೆಗೆ ನೀರು ತುಂಬಿಸಹೊರಟ. ಅವಳು ಅವನ ತೋಳು ಹಿಡಿದು ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ ಗಾಜಿನ ಮೇಲೆ ಬರೆದಳು. ‘ಹಸಿ ಪೆಟ್ಟಿಗೆ ಒಳಗೆ ಬಂದ್ರೆ?’

“ಎಲ್ಲಿಗೆ, ನಮ್ಮ ಕೋಲ್ಡ್ ಸ್ಟೋರೇಜಿಗಾ? ಬಿಡ್ತೀನಾ ನಾನು?” ತನ್ನ ಕೆಲಸದ ಮಾತು ಬಂದರೆ ಅವನಿಗೆ ಉತ್ಸಾಹ. “ಮೊನ್ನೆ ಒಬ್ಬ ಲಾರಿಯವನು ತೊಪ್ಪೆ ನೆನೆದಿದ್ದ ಪೆಟ್ಟಿಗೆ ತಂದಿದ್ದ. ವಾಪಸ್ ಕಳಿಸ್ದೆ. ಆ ನೀರು ಎಲ್ಲಿಗೆ ಹೋಗಬೇಕು ಹೇಳು, ಬಾಗಿಲು ಮುಚ್ಚಿರುತ್ತೆ. ಗೋಡೆ ಬೆವರುತ್ತೆ. ಗೋಡೆ ಬೆವರ್ತು ಅಂದ್ರೆ ಬೂಷ್ಟು. ಬೂಷ್ಟು ಬಂತು ಅಂದ್ರೆ ಒಳಗಿರೋ ಮಾಲು ಕೊಳೀತು ಅಂತ್ಲೇ ಲೆಕ್ಕ. ಅದಕ್ಕೇ ನಮ್ಮಲ್ಲಿ ತೇವ ಹೀರಿ ಹೊರಗೆ ಹಾಕೋಕೆ ಬೇರೇನೇ ಫ್ಯಾನಿದೆ. ಬರೀ ಬಾಗಿಲು ಮುಚ್ಚಿದ್ರೆ ಆಗಲ್ಲ ಕಣೇ.”

ಕೊನೆಯ ಮಾತು ಅವನ ಬಾಯಿಂದಲೇ ಬಂತು. ಬಂದ ಮೇಲೂ ಅವನಿಗೆ ಅದು ತಟ್ಟಲಿಲ್ಲ. ಮೈಕಕ್ಕ ಒಲೆಯ ಮೇಲಿನ ಪಾತ್ರೆ ತೋರಿಸಿದಳು, ತಲೆಯ ಮೇಲೆ ಹಗ್ಗದಲ್ಲಿ ನೇತಾಡುವ ಒದ್ದೆ ಬಟ್ಟೆ ತೋರಿಸಿದಳು, ಸರಿಸಿದ ಬೀರುವಿನ ಹಿಂದಿನ ಗೋಡೆ ತೋರಿಸಿದಳು. ಆಮೇಲೆ ತಿರುಗಿ ಗಾಜಿನ ಮೇಲೆ ಬರೆದಳು. ‘ಮಾಲು ನಾನು.’

ಅವನು ಆ ಎರಡು ಪದಗಳನ್ನು ನೋಡುತ್ತಾ ನಿಂತ. ಅಕ್ಷರಗಳಿಂದ ನೀರಿಳಿದು ಕಿಟಕಿಯ ಕಟ್ಟೆಯ ರಬ್ಬರಿನ ಮೇಲೆ ನಿಂತಿತು.

“ಹಾಗಾದ್ರೆ ನಾನೇ,” ಎಂದ. ಮೈಕಕ್ಕ ಬೇಡ ಬೇಡವೆಂದು ತಲೆಯಾಡಿಸಿ ಅವನ ಕೈ ಹಿಡಿಯಹೋದಳು. ಅವನು ಬಿಡಿಸಿಕೊಂಡು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಅವಳಿಗೆ ಅಯ್ಯೋ ಎನಿಸಿತು. ಎಲ್ಲ ಅಳಿಸಿಬಿಡೋಣವೆಂದು ಗಾಜಿಗೆ ಅಂಗೈಯನ್ನೂ ಒಡ್ಡಿದಳು, ಆದರೆ ಪುಟ್ಟಿ ಅಲ್ಲೇ ಹಾಸಿಗೆಯ ಮೇಲೆ ಕೂತು ಕೆಮ್ಮುತ್ತಾ ಲೆಕ್ಕ ಮಾಡುತ್ತಿದ್ದಳು. ಮೈಕಕ್ಕ ಕೈ ಹಿಂದಕ್ಕೆ ತೆಗೆದಳು.

ಮುಖ ಊದಿಸಿಕೊಂಡೇ ಮಲಗಿದ ಬಾಗಿಲಣ್ಣ ಬೆಳಗಾದ ಮೇಲೆ ಕೆಲಸಕ್ಕೆ ಹೋಗಲಿಲ್ಲ. ಸ್ಟೂಲು ಹತ್ತಿ ಹಲಗೆ ಕಿತ್ತ. ಒಂದೊಂದು ರಬ್ಬರು ಪಟ್ಟಿಯನ್ನೂ ತಾನು ಅಂಟಿಸಿದಷ್ಟೇ ಜೋಪಾನವಾಗಿ ಸುಲಿದು ಸುರುಳಿ ಸುತ್ತಿ ಇಟ್ಟ. ಎಲ್ಲ ಮುಗಿದ ಮೇಲೆ ಅಂಗಡಿಯಿಂದ ಹೊಸ ಬೆಂಕಿಪೊಟ್ಟಣ ತಂದು ಗವಾಕ್ಷಿಯ ಹತ್ತಿರ ಕಡ್ಡಿ ಗೀರಿದ. ಜ್ವಾಲೆ ಅಲ್ಲಾಡುವುದಿರಲಿ, ಹತ್ತಿದ ಕೂಡಲೇ ಆರಿಹೋಯಿತು. ಸುಟ್ಟ ಕಡ್ಡಿಯನ್ನು ಅವನು ಬಹಳ ಹೊತ್ತು ಹಿಡಿದುಕೊಂಡೇ ಇದ್ದ.

ಅಡುಗೆಮನೆಯ ಗವಾಕ್ಷಿ ಮಾತ್ರ ಒಳಗಿನಿಂದ ತೆರೆದರೂ ಆಚೆ ಸಿಮೆಂಟು ಮೆತ್ತಿತ್ತು. ಅದು ಅವನ ಕೆಲಸವಲ್ಲ. ಕೇಳಬೇಕೆಂದರೆ ಮೇಲೆ ಹೋಗಬೇಕು. ಹೋದ. ಮೈಕಕ್ಕ ಮೆಟ್ಟಿಲ ಬುಡದಲ್ಲಿ ಕಿವಿಗೊಟ್ಟು ನಿಂತಳು.

“ತಪ್ಪಾಯ್ತಮ್ಮ. ನಿಮ್ಮ ಬಚ್ಚಲು ಸುಮ್ನೆ ಅಗೆಸಿದೆ. ತೇವ ನಮ್ಮದೇ.”

ಬೈಗುಳ ಬರುತ್ತದೆಂದು ಮೈಕಕ್ಕ ಉಸಿರು ಬಿಗಿಹಿಡಿದಳು. “ಎಲ್ಲಾ ನಿಂದೇ ಅಂತ ನೀನೊಬ್ಬನೇ ಹೊತ್ಕೋಬೇಡ,” ಎಂದರು ಮೇಲಿನಮ್ಮ. “ಅಡುಗೆಮನೆ ಗವಾಕ್ಷಿ ಮುಚ್ಚಿಸಿದ್ದು ನಾನು. ಪಾರಿವಾಳ ಗೂಡು ಕಟ್ಟಿ ಪ್ರಾಣ ತಿಂತಿದ್ವು. ಒಂದು ಮಾತು ಹೇಳಬೇಕಿತ್ತು ನಿಮಗೆ, ಹೇಳ್ಲಿಲ್ಲ. ಒಡೆಸಿ ಜಾಲರಿ ಹಾಕಿಸ್ತೀನಿ. ಗೋಡೆ ಕೆರೆಸಿ ಹೊಸ ಗಾರೆ ಮಾಡಿಸ್ತೀನಿ. ಬಟ್ಟೆ ನನ್ನ ಮಹಡಿ ಮೇಲೆ ಒಣಗಿಸ್ಕೊಳ್ಳಿ. ಆದ್ರೆ ಇನ್ನೊಂದ್ಸಲ ನನ್ನ ಬಚ್ಚಲಿನ ಸುದ್ದಿಗೆ ಬಂದ್ರೆ ನೋಡು ಮತ್ತೆ.”

ಗೋಡೆ ಕೆರೆಯುವಾಗ ತಾಯಿ ಮಗಳು ಮೇಲಿನಮ್ಮನ ಮನೆಯಲ್ಲಿದ್ದರು. ಬಾಗಿಲಣ್ಣ ಮೂಗಿಗೆ ಬಟ್ಟೆ ಕಟ್ಟಿಕೊಂಡು ಗಾರೆಯವನ ಜೊತೆ ತಾನೂ ಕೆರೆದ. ಹಾಸಿಗೆ, ಕಂಬಳಿ, ಪುಸ್ತಕ, ಬೀರುವಿನ ಬಟ್ಟೆ ಎಲ್ಲ ಬಿಸಿಲು ಕಂಡವು. ಬೀರು ಗೋಡೆಯಿಂದ ಒಂದು ಗೇಣು ಈಚೆ ಬಂದು ನಿಂತಿತು. ಹಬೆಯ ಪಾತ್ರೆ ಅಟ್ಟ ಸೇರಿತು. ಬಾಗಿಲಣ್ಣನ ಕೈ ಮಾತ್ರ ಹಳೆಯ ಚಾಳಿ ಬಿಡದೆ ಕಿಟಕಿಯ ಕಡೆಗೆ ಹೋಗುತ್ತಿತ್ತು, ಅರ್ಧ ದಾರಿಯಲ್ಲಿ ನೆನಪಾಗಿ ಅವನ ತಲೆ ಕೆರೆಯಲು ಹಿಂದಿರುಗುತ್ತಿತ್ತು. ಪುಟ್ಟಿಯ ಕೆಮ್ಮು ಕಡಿಮೆಯಾಯಿತು. ಮೈಕಕ್ಕ ಮಾತ್ರ ಬಚ್ಚಲಿಗೆ ಹೋಗಿ ‘ಗ’ ಎಂದು ನೋಡುವುದನ್ನು ನಿಲ್ಲಿಸಿಬಿಟ್ಟಳು. ಡಾಕ್ಟರು ಆಡಬಾರದೆಂದಿದ್ದಾರೆ ಎಂದು ಮನಸ್ಸಿಗೆ ಹೇಳಿಕೊಂಡಳು. ನಿಜವಾಗಿ ಅವಳಿಗೆ ಹೆದರಿಕೆ. ಇಷ್ಟೆಲ್ಲ ಮಾಡಿದ ಮೇಲೂ ಕಪ್ಪೆಯೇ ಕೂತಿದ್ದರೆ ಬಾಗಿಲಣ್ಣನ ಮುಖವನ್ನು ಹೇಗೆ ನೋಡುವುದು?

ಸೂಪರ್‌ವೈಸರ್ ಎದುರು ಮಾತಾಡಬೇಕಾದ ದಿನ ಬಂದೇ ಬಂತು. ಮೈಕಕ್ಕ ಬೇಗ ಎದ್ದು ತಲೆ ಬಾಚಿ ಸಿದ್ಧಳಾದಳು. ಬಾಗಿಲಣ್ಣ ಅವಳ ತಿಂಡಿಯ ಡಬ್ಬಿ ತುಂಬುತ್ತಿದ್ದ. ಪುಟ್ಟಿ ಹಾಸಿಗೆಯಿಂದಿಳಿದು ಕಣ್ಣುಜ್ಜಿಕೊಳ್ಳುತ್ತಾ ಸೀದಾ ಕಿಟಕಿಯ ಹತ್ತಿರ ಹೋದಳು. ಅಮ್ಮನಿಗೆ ಏನೋ ಬರೆಯಬೇಕಿತ್ತು. ಬೆರಳಿಟ್ಟು ಎಳೆದಳು. ಮತ್ತೆ ಎಳೆದಳು. ಗಾಜು ಕಿರ್ ಎಂದಿತು, ಗುರುತು ಬೀಳಲಿಲ್ಲ. ಆಚೆ ಬೀದಿ, ಎದುರು ಮನೆ, ಅದರ ಮುಂದೆ ನಿಂತ ಸೈಕಲ್ಲು ಎಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು.

“ಅಮ್ಮಾ, ಗಾಜು ಒಣಗೋಗಿದೆ. ಬರೆಯೋಕೇ ಆಗ್ತಿಲ್ಲ. ಈಗ ನಿನ್ನ ಹತ್ರ ಹೇಗೆ ಮಾತಾಡೋದು?”

ಡಬ್ಬಿಯ ಮುಚ್ಚಳ ಹಿಡಿದ ಬಾಗಿಲಣ್ಣನ ಕೈ ಅಲ್ಲೇ ನಿಂತಿತು. ಅವನು ತಿರುಗಿ ನೋಡಲಿಲ್ಲ.

ಮೈಕಕ್ಕ ಕಿಟಕಿಯ ಹತ್ತಿರ ಬಂದಳು. ಗವಾಕ್ಷಿಯಿಂದ ಬೆಳಗಿನ ತಣ್ಣನೆಯ ಗಾಳಿ ಇಳಿದು ಅವಳ ಕುತ್ತಿಗೆಗೆ ತಾಗಿತು. ಅದನ್ನೇ ಒಮ್ಮೆ ಒಳಗೆ ಎಳೆದುಕೊಂಡಳು.

“ಪ್ರಯಾಣಿಕರ ಗಮನಕ್ಕೆ,” ಎಂದಳು.

‘ಗ’ ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಸ್ವಲ್ಪ ತೆಳ್ಳಗಿತ್ತು, ಬಹಳ ದಿನ ಮಲಗಿದ್ದವರು ಎದ್ದು ನಡೆದಂತಿತ್ತು, ಆದರೆ ಅದು ಅವಳದೇ ದನಿ. “ಶಾಲೆಗೆ ಹೊರಡಲಿರುವ ಪುಟ್ಟಿಯವರು ಈಗಾಗಲೇ ತಡಮಾಡಿದ್ದು, ಕೂಡಲೇ ಬಚ್ಚಲಿಗೆ ಬಂದು ಹಲ್ಲುಜ್ಜಬೇಕಾಗಿ ಕೋರಲಾಗಿದೆ.”

ಪುಟ್ಟಿ ಬಾಯಿ ಬಿಟ್ಟುಕೊಂಡು ಅಮ್ಮನನ್ನು ನೋಡಿದಳು. ಬಾಗಿಲಣ್ಣ ಡಬ್ಬಿಯನ್ನು ಕೆಳಗಿಟ್ಟು, ಮುಖವನ್ನು ಗೋಡೆಯ ಕಡೆಗೆ, ಆ ಹೊಸ ಗಾರೆಯ ಗೋಡೆಯ ಕಡೆಗೆ ತಿರುಗಿಸಿಕೊಂಡು ಅತ್ತ. ಮರೆಮಾಡಲು ಹೋಗಲಿಲ್ಲ.

ಆಗ ತೆರೆದ ಗವಾಕ್ಷಿಯಿಂದ, ಮಹಡಿಯ ಮೇಲಿನಿಂದ ಮಾತು ಕೇಳಿಬಂತು.

“ಕೇಳಿಸ್ತು ಕಣೇ ಮೈಕಕ್ಕ. ನನ್ನ ಬಸ್ಸು ಎಲ್ಲಿ ನಿಂತಿದೆ, ಅದನ್ನೂ ಹೇಳ್ಬಿಡು.”